ಏಳುನೂರು ತಲೆ ತೆರೆದವನ ಮನೆಯಲ್ಲಿ

ಲಕ್ವ ಹೊಡೆಯುವುದು ಕೈಗಲ್ಲ, ಕಾಲಿಗಲ್ಲ, ಬಾಯಿಗಲ್ಲ. ಮೆದುಳಿಗೆ. ಮೆದುಳಿನ ರಕ್ತನಾಳವೊಂದರಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅದರ ಆಚೆಗಿನ ಜಾಗ ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲ ಅಂದರೆ ತಪ್ಪೆಲ್ಲ ನಿಮ್ಮದೇ ಅಂತ ನಾನು ಹೇಳುವುದಿಲ್ಲ. ಏಳುನೂರು ತಲೆಬುರುಡೆ ಕೊಯ್ದು, ಏಳುನೂರು ಮೆದುಳನ್ನು ತನ್ನ ಎರಡು ಅಂಗೈಯಲ್ಲಿ ಎತ್ತಿಕೊಂಡ ಸುಡಲೈಮುತ್ತುವಿಗೇ ಅದು ಗೊತ್ತಿರಲಿಲ್ಲ.

ತಮಿಳು ಸೀಮೆಯ ವಡಪುದೂರಿನ ಮೆಡಿಕಲ್ ಕಾಲೇಜಿನಲ್ಲಿ ಅವನು ಮೂವತ್ತೊಂದು ವರ್ಷದಿಂದ ಅಟೆಂಡರ್. ವಿದ್ಯಾರ್ಥಿಗಳು ಹೆಣ ಕೊಯ್ದು ಕಲಿಯುವ ಹಾಲ್‌ನಲ್ಲಿ ಕೆಲಸ. ಅವನ ಅಪ್ಪನೂ ಅಲ್ಲೇ ಇದ್ದ, ಅಜ್ಜನದು ಸುಡುಗಾಡಿನಲ್ಲಿ ಹೆಣ ಸುಡುವ ಕೆಲಸ. ಬೇರೆ ಜಾತಿಯವರು ಈ ಕೆಲಸಕ್ಕೆ ಅರ್ಜಿ ಹಾಕಿದ್ದನ್ನು ಆ ಕಾಲೇಜು ಇನ್ನೂ ನೋಡಿಲ್ಲ. ಮೀಸಲಾತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮಂದಿ ಈ ಒಂದು ಮೀಸಲಾತಿಯ ಬಗ್ಗೆ ತುಟಿ ಬಿಚ್ಚಿದ್ದನ್ನೂ ಯಾರೂ ಕೇಳಿಲ್ಲ.

ಕೆಲಸ ಅಂದರೆ ಹೀಗೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಗರಗಸ ಇಟ್ಟು, ಎರಡೂ ಕಿವಿಯ ಮೇಲಿಂದ ಹಾದು, ಹಿಂದೆ ಕೂಡಿಸಬೇಕು. ಉಳಿಯನ್ನು ಗೆರೆಯೊಳಗಿಟ್ಟು ತಿರುವಿದರೆ ಟಕ್ ಅಂತ ಬುರುಡೆಯ ಮುಚ್ಚಳ ಬಿಡುತ್ತದೆ. ಅದರ ಕೆಳಗೆ ನೆನೆದ ತೊಗಲಿನಂಥ ಹೊದಿಕೆ. ಅದನ್ನು ಕತ್ತರಿಸಿ, ಹಣೆಯ ಕಡೆಯಿಂದ ಬೆರಳು ತೂರಿಸಿ ಮೆದುಳನ್ನು ಮೆಲ್ಲಗೆ ಹಿಂದಕ್ಕೆ ಎತ್ತುತ್ತ, ಅಡಿಯ ನರಗಳನ್ನು ಒಂದೊಂದಾಗಿ ಬಿಡಿಸಬೇಕು. ಮೊದಲು ವಾಸನೆಯದ್ದು, ಆಮೇಲೆ ಕಣ್ಣಿನದ್ದು, ಹೀಗೆ ಹನ್ನೆರಡು ಜೊತೆ. ಕೊನೆಗೆ ಬುರುಡೆಯ ಬುಡದ ತೂತಿನೊಳಗೆ ಚಾಕು ಇಳಿಸಿ ಬೆನ್ನುಹುರಿಯ ತಲೆ ಕತ್ತರಿಸಿದರೆ ಇಡೀ ಮೆದುಳು ಅಂಗೈಗೆ ಬೀಳುತ್ತದೆ. ಹಸಿ ಮೆದುಳು ಎಳೆ ತಾಟಿನುಂಗಿನಷ್ಟು ಮೆತ್ತಗೆ. ಬಕೆಟ್ಟಿನಲ್ಲಿ ಹಾಗೇ ಇಟ್ಟರೆ ತಳ ಚಪ್ಪಟೆಯಾಗಿ ಕೆಡುತ್ತದೆ. ಅದಕ್ಕೆ ಅಡಿಭಾಗದ ರಕ್ತನಾಳದ ಕೆಳಗೆ ದಾರ ಪೋಣಿಸಿ, ಮದ್ದಿನ ನೀರಿನಲ್ಲಿ ತಲೆಕೆಳಗಾಗಿ ತೇಲುವಂತೆ ತೂಗುಬಿಡುತ್ತಾರೆ. ಆ ರಕ್ತನಾಳ ಹರಿಯದಂತೆ ಗಂಟು ಹಾಕುವ ಕೈ ಸುಡಲೈಮುತ್ತುವಿನದು.

"ಮುತ್ತು, ನಿನ್ನ ಬೆರಳ ತುದೀಲಿ ದೇವರು ಕಣ್ಣಿಟ್ಟಿದ್ದಾನೆ ಕಣೋ," ಅನ್ನುತ್ತಿದ್ದರು ಪ್ರೊಫೆಸರ್ ಅಂಬಲವಾಣನ್. ಅನ್ನುತ್ತ ತಮ್ಮ ಕಾಫಿಯನ್ನು ಕೋಣೆಯೊಳಗೆ ಕುಡಿಯುತ್ತಿದ್ದರು. ದೇವರ ಕಣ್ಣಿದ್ದ ಬೆರಳಿನ ಲೋಟ ಕಿಟಕಿಯ ಹೊರಗೆ, ಕಟ್ಟೆಯ ಮೇಲೆ ಬೋರಲಾಗಿರುತ್ತಿತ್ತು.

ವಿದ್ಯಾರ್ಥಿಗಳಿಗೆ ಮಾತ್ರ ಅವನೆಂದರೆ ಪ್ರಾಣ. ಮೊದಲ ಸಲ ಮೆದುಳನ್ನು ಕೈಗೆ ತೆಗೆದುಕೊಂಡ ಹುಡುಗಿಯರು "ಅಯ್ಯೋ, ಇಷ್ಟೇನಾ ಮುತ್ತಣ್ಣಾ?" ಅನ್ನುತ್ತಿದ್ದರು.

"ಇಷ್ಟೇ ತಾಯಿ. ನಿಮ್ಮಪ್ಪನ ಕೋಪ, ನಿಮ್ಮಮ್ಮನ ಅಳು, ನಿಮ್ಮ ಹಾಸ್ಟೆಲ್ಲಿನ ಲವ್ವು, ಎಲ್ಲಾ ಇದರೊಳಗೇ ತುಂಬಿರೋದು. ಕೆಳಗೆ ಬೀಳಿಸ್ಬೇಡಿ."

ಪರೀಕ್ಷೆಯ ದಿನ ಮೆದುಳುಗಳನ್ನು ಸಾಲಾಗಿ ತಟ್ಟೆಯಲ್ಲಿಟ್ಟು ಒಂದೊಂದು ಜಾಗಕ್ಕೆ ಗುಂಡುಸೂಜಿ ಚುಚ್ಚಿರುತ್ತಾರೆ. ಇದು ಯಾವ ಭಾಗ, ಏನು ಕೆಲಸ ಮಾಡುತ್ತದೆ, ಒಂದು ನಿಮಿಷದಲ್ಲಿ ಬರೆಯಬೇಕು. ಬೆವರುತ್ತ ನಿಂತ ಮಕ್ಕಳನ್ನು ನೋಡಿ ಸುಡಲೈಮುತ್ತುವಿಗೆ ತಡೆಯುತ್ತಿರಲಿಲ್ಲ. ಬಕೆಟ್ ಒಯ್ಯುವ ನೆಪದಲ್ಲಿ ಎದುರಿಗೆ ಹಾದುಹೋಗುತ್ತಿದ್ದ. ಸೂಜಿ ಹಿಂದುಗಡೆಯ ಕಿರುಮೆದುಳಿನಲ್ಲಿದ್ದರೆ ಕುಡುಕನ ಹಾಗೆ ತೂರಾಡುತ್ತ ಹೋಗುತ್ತಿದ್ದ. ತೀರಾ ಹಿಂಬದಿಯ ತುದಿಯಲ್ಲಿದ್ದರೆ ಕಣ್ಣುಜ್ಜಿಕೊಳ್ಳುತ್ತಿದ್ದ. ಮೆದುಳಿನ ಕಾಂಡದಲ್ಲಿದ್ದರೆ ಎದೆಯುಬ್ಬಿಸಿ ಉಸಿರೆಳೆಯುತ್ತಿದ್ದ. ನೆನಪಿನ ಜಾಗವಾದರೆ ಏನೋ ಮರೆತವನಂತೆ ಹಣೆ ಬಡಿದುಕೊಂಡು ವಾಪಸು ತಿರುಗುತ್ತಿದ್ದ. ಎಡಗಡೆ, ಕಣತಲೆಯ ಒಳಬದಿಗಿರುವ ಮಾತಿನ ಜಾಗಕ್ಕೆ ಸೂಜಿ ಬಿದ್ದಿದ್ದರೆ ತುಟಿಯ ಮೇಲೆ ಬೆರಳಿಟ್ಟು ಶ್ ಅನ್ನುತ್ತಿದ್ದ. ಅಂಬಲವಾಣನ್ ಎಲ್ಲ ಕಂಡೂ ಕಾಣದವರಂತೆ ಕಿಟಕಿಯಾಚೆ ನೋಡುತ್ತಿದ್ದರು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಮೆದುಳಿನ ನಕ್ಷೆಯನ್ನು ಹೀಗೆ ಮೈಯಲ್ಲೇ ಬರೆದುಕೊಂಡಿದ್ದ. ಪಾಠ ಹೇಳಿಕೊಟ್ಟವರು ಯಾರೂ ಇಲ್ಲ. ಗೋಡೆಗೊರಗಿ ನಿಂತು ಕದ್ದು ಕೇಳಿದ್ದು. ಎಡ ಮೆದುಳು ಬಲಗೈಯನ್ನು ಆಡಿಸುತ್ತದೆ, ಬಲ ಮೆದುಳು ಎಡಗೈಯನ್ನು ಅನ್ನುವುದು ಅವನಿಗೆ ತನ್ನ ಮನೆಯ ದಾರಿಯಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೆ ಅವನು ಮುಟ್ಟಿದ ಮೆದುಳುಗಳೆಲ್ಲ ತಣ್ಣಗಿದ್ದವು. ಬದುಕಿರುವ ತಲೆಯೊಳಗೆ ಅದು ಕೆಡುವಾಗ ಹೊರಗೆ ಏನು ಕಾಣುತ್ತದೆ ಅನ್ನುವುದು ಆ ಹಾಲ್‌ನಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ತಲೆ ತೆರೆದ ದಿನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅವನ ತಾಯಿ ಹಾಕಿದ್ದು, ಅವಳಿಗೆ ಅವಳ ಅತ್ತೆ ಹೇಳಿದ್ದು. ಸತ್ತವನು ಹೇಳಬೇಕೆಂದು ಹೇಳದೆ ಉಳಿಸಿದ ಮಾತು ಕೊಯ್ದವನ ಮೈಗೆ ಅಂಟಿ ಬರುತ್ತದಂತೆ. ಅವನು ಹಿತ್ತಿಲ ಬಾಗಿಲಿಂದ ಬರಬೇಕು. ತಟ್ಟಿ ಮರೆಯಲ್ಲಿ ಕೂರಬೇಕು. ಹೆಂಡತಿ ಅರಿಶಿನದ ನೀರನ್ನು ಹಿಂದಿನಿಂದ ತಲೆಯ ಮೇಲೆ ಹೊಯ್ಯಬೇಕು. ಅವನು ಉಣ್ಣಲು ಕೂತು ಮೊದಲ ತುತ್ತು ನುಂಗುವವರೆಗೆ ಇಬ್ಬರೂ ಮಾತಾಡಕೂಡದು. ಮಾತಾಡಿದವರಿಗೆ ಹೆಣದ ಮಾತು ಹತ್ತಿಕೊಳ್ಳುತ್ತದೆ.

ಹೆಂಡತಿ ಚೆಲ್ಲತ್ತಾಯಿಗೆ ಈ ಕಟ್ಟಳೆ ಪ್ರಾಣಸಂಕಟ. ಓಣಿಯ ಈ ತುದಿಯಲ್ಲಿ ಅವಳು ಮಾತು ಶುರು ಮಾಡಿದರೆ ಆ ತುದಿಯವರು ಉತ್ತರ ಕೊಡುತ್ತಿದ್ದರು. ಆದರೂ ಇಪ್ಪತ್ತೆಂಟು ವರ್ಷ ನಡೆಸಿದಳು. ಮೊದಲ ತುತ್ತು ಅವನ ಗಂಟಲಿಳಿದದ್ದೇ ತಡ, ಕಟ್ಟೆ ಒಡೆದ ಹಾಗೆ ಸುರುಮಾಡುತ್ತಿದ್ದಳು.

ಆಷಾಢ, ಅವರ ಆಡಿ ತಿಂಗಳ ಒಂದು ಗುರುವಾರ. ಬೆಳಿಗ್ಗೆ ಎರಡು ತಲೆ ತೆರೆದು ಮಧ್ಯಾಹ್ನ ಎರಡೂ ಹತ್ತಕ್ಕೆ ಸುಡಲೈಮುತ್ತು ಮನೆಗೆ ಬಂದ. ತಟ್ಟಿ ಮರೆಯಲ್ಲಿ ಕೂತ. ಹಿಂದೆ ಹೆಜ್ಜೆ ಸಪ್ಪಳವಾಯಿತು. ಮೊದಲ ಚೊಂಬು ತಲೆಗೆ ಬೀಳಲಿಲ್ಲ, ಎಡ ಭುಜಕ್ಕೆ ಬಿತ್ತು. ಎರಡನೆಯದು ನೆಲಕ್ಕೆ. ಮೂರನೆಯ ಸಲ ಚೊಂಬೇ ಕೈಜಾರಿ ಕಲ್ಲಿಗೆ ಬಡಿದು ಉರುಳಿತು. ಇವಳಿಗೇನು ಬಂತು ಅಂತ ಅವನಿಗೆ ರೇಗಿತು. ತಿರುಗಿ ನೋಡಲಿಲ್ಲ, ಕೇಳಲಿಲ್ಲ. ಕೇಳಬಾರದು. ತಾನೇ ಎದ್ದು ನಾಲ್ಕು ಚೊಂಬು ಹೊಯ್ದುಕೊಂಡು ಒಳಗೆ ಹೋದ.

ಬಡಿಸುವಾಗ ಅವಳು ಎಡಗೈಯಲ್ಲಿ ಅನ್ನ ಹಾಕಿದಳು.

ಎಡಗೈಯಲ್ಲಿ! ಅವನ ಮೈ ಉರಿದುಹೋಯಿತು. ಬಲಗೈ ಪಕ್ಕದಲ್ಲಿ ಸೋತ ಸೊಪ್ಪಿನ ಹಾಗೆ ಜೋತಿತ್ತು. ಅದನ್ನು ಅವನ ಕಣ್ಣು ನೋಡಿತು, ಅವನು ನೋಡಲಿಲ್ಲ. ಬೈಯಬೇಕಾದರೂ ಕಟ್ಟಳೆ ಮುಗಿಯಬೇಕಲ್ಲ. ಬೈಯುವುದಕ್ಕೆಂದೇ ಒಂದು ತುತ್ತನ್ನು ಗಬಕ್ಕನೆ ನುಂಗಿದ.

"ಏನೇ ಇದು? ಎಡಗೈಲಿ ಹಾಕ್ತೀಯಾ? ನಾನೇನು ನಿನ್ನ ಬಾಗಿಲು ಕಾಯೋ ನಾಯಿನಾ?"

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ತುಟಿಯ ಒಂದು ತುದಿ ಮೇಲಕ್ಕೆಳೆದು ಇನ್ನೊಂದು ತುದಿ ಹಾಗೇ ಉಳಿಯಿತು.

"ನಗ್ತೀಯಾ? ಹೆಣ ಕೊಯ್ದು ಬಂದವನು ಅಂತ ಊರೋರು ನಗ್ತಾರೆ ಸರಿ, ನೀನೂ ನಗ್ತೀಯಾ?"

ತಟ್ಟೆ ತಳ್ಳಿ ಎದ್ದ. ಅಂಗಿ ತೊಟ್ಟು ಹೊರಟ. ಎಡ ಮೆದುಳು, ಬಲಗೈ, ಬಾಯಿ, ಮಾತು: ಮೂವತ್ತೊಂದು ವರ್ಷ ಪರಿಚಯವಿದ್ದ ನಾಲ್ಕೂ ಅವನ ಕಣ್ಣೆದುರು ಒಟ್ಟಿಗೆ ನಿಂತಿದ್ದವು. ಅವನಿಗೆ ಕಂಡದ್ದು ಅವಮಾನ ಒಂದೇ.

ಟೀ ಅಂಗಡಿಯಲ್ಲಿ ಕೂತು ಇದನ್ನೇ ಹೇಳಿಕೊಂಡ. ಅಂಗಡಿಯ ಮಾಲೀಕ ಚಿನ್ನದುರೈ ಟೀಯನ್ನು ಎತ್ತಿ ಹೊಯ್ಯುತ್ತ ನಕ್ಕ. "ಅಣ್ಣಾಚಿ, ನಮ್ಮಕ್ಕ ಬಾಯಿ ಮುಚ್ಚಿದ್ದಾರೆ ಅಂದ್ರೆ ಓಣಿಗೆಲ್ಲಾ ಸಿಹಿ ಹಂಚ್ಬೇಕು! ನೀವು ಮುಖ ಊದಿಸ್ಕೊಂಡು ಕೂತಿದ್ದೀರಲ್ಲ. ಇನ್ನೊಂದು ಟೀ ಕುಡೀರಿ, ಈ ಸುಖ ಎಷ್ಟೊತ್ತು ಇರುತ್ತೋ!"

ಸುತ್ತ ಕೂತವರೆಲ್ಲ ನಕ್ಕರು. ಸುಡಲೈಮುತ್ತುವೂ ನಕ್ಕ. ಆ ನಗುವಿನ ಹೊತ್ತಿಗೆ ಅವಳ ತಲೆಯೊಳಗೆ ಒಂದು ಓಣಿಯಷ್ಟು ಮಾತು ಸತ್ತುಹೋಗುತ್ತಿತ್ತು.

ನಾಲ್ಕೂಕಾಲಿಗೆ ಮನೆಗೆ ಬಂದಾಗ ಚೆಲ್ಲತ್ತಾಯಿ ಒಲೆಯ ಹತ್ತಿರ ಗೋಡೆಗೊರಗಿ ಕೂತಿದ್ದಳು. ಸೀರೆ ಒದ್ದೆಯಾಗಿತ್ತು. ಜೊಲ್ಲು ಗಲ್ಲದಿಂದ ಎದೆಗೆ ಇಳಿದಿತ್ತು. ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು, ಎಲ್ಲ ತಿಳಿದ ಕಣ್ಣು. ಅವನು ಕೂಗಿಕೊಂಡ. ಪಕ್ಕದ ಮನೆಯ ಉಲಗಮ್ಮಾ ಅತ್ತೆ ಓಡಿಬಂದಳು. ಓಣಿಯ ಹೆರಿಗೆ, ಸಾವು, ದೃಷ್ಟಿ ಎಲ್ಲಕ್ಕೂ ಅವಳೇ ಮುಂದು.

"ಏಲೇ ಮುತ್ತು, ಯಾರೋ ಮೊದ್ಲು ಮಾತಾಡಿದ್ದು? ನಿಜ ಹೇಳು."

"ಯಾರೂ ಆಡ್ಲಿಲ್ಲ ಅತ್ತೆ! ತುತ್ತು ನುಂಗಿದ ಮೇಲೇ ನಾನು ಬಾಯಿ ಬಿಟ್ಟಿದ್ದು."

"ಎಷ್ಟು ದೊಡ್ಡ ತುತ್ತು? ಬೈಯೋ ಆತುರಕ್ಕೆ ಒಂದು ಅಗುಳು ನುಂಗಿರ್ತೀಯ, ನಿನ್ನ ಕೋಪ ನನಗೆ ಗೊತ್ತಿಲ್ವಾ? ಹೆಣದ ಮಾತು ಇವಳ ನಾಲಿಗೆಗೆ ಸುತ್ಕೊಂಡಿದೆ. ಬಸ್ ಡಿಪೋ ಹಿಂದೆ ಪಾರಿವಾಳದ ವೈದ್ಯ ಇದ್ದಾನಲ್ಲ, ಮೊದ್ಲು ಅಲ್ಲಿಗೆ ಹೊರಡು."

"ದೊಡ್ಡಾಸ್ಪತ್ರೆಗೆ ಹೋಗೋಣ ಅತ್ತೆ."

"ದೊಡ್ಡಾಸ್ಪತ್ರೆಲಿ ನಿಮ್ಮೋರು ಹೆಣ ಕೊಯ್ತಾರೆ. ಇವಳು ಬದುಕಿದ್ದಾಳೆ ಕಣೋ!"

ಹೆದರಿದವನಿಗೆ ಗಟ್ಟಿ ದನಿಯವರ ಮಾತೇ ಸರಿ ಅನ್ನಿಸುತ್ತದೆ. ಆಟೋ ಡಿಪೋ ಕಡೆ ತಿರುಗಿತು. ವೈದ್ಯನ ಮನೆ ಮುಂದೆ ಆಗಲೇ ಮೂವರು ಸೊಟ್ಟ ಬಾಯಿಯವರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರಿಗೂ ಒಂದು ಪಾರಿವಾಳ. ಇದನ್ನು ಓದಿ ಮೂಗು ಮುರಿಯುವವರು ಒಂದು ನೆನಪಿಡಿ: ಆ ವೈದ್ಯನ ಬೋರ್ಡು ತಮಿಳಿನಲ್ಲಿತ್ತು, ದೊಡ್ಡದಾಗಿತ್ತು, ಬಸ್ಸಿನಿಂದಲೇ ಓದಬಹುದಿತ್ತು. ಆಸ್ಪತ್ರೆಯಲ್ಲಿ ಲಕ್ವದ ಬಗ್ಗೆ ಇದ್ದ ಒಂದೇ ಒಂದು ಬೋರ್ಡು ಇಂಗ್ಲಿಷಿನಲ್ಲಿತ್ತು, ಡಾಕ್ಟರುಗಳ ಊಟದ ಕೋಣೆಯಲ್ಲಿ.

ಚೆಲ್ಲತ್ತಾಯಿಯ ಸರದಿ ಬಂದಾಗ ಐದೂಮುಕ್ಕಾಲು. ವೈದ್ಯ ಹಕ್ಕಿಯ ಕತ್ತು ಕೊಯ್ದು ಬಿಸಿ ರಕ್ತವನ್ನು ಅವಳ ಬಲಗೈಗೆ ಭುಜದಿಂದ ಬೆರಳ ತನಕ ಹಚ್ಚತೊಡಗಿದ. "ರಕ್ತ ಇಳೀತಾ ಇದ್ದ ಹಾಗೆ ಕೈಗೆ ಜೀವ ಬರುತ್ತೆ. ಕೈ ನೋಡ್ತಾ ಇರಿ, ಕೈ."

ಸುಡಲೈಮುತ್ತು ಕೈಯನ್ನೇ ನೋಡಿದ. ಬಲಗೈ. ಮಾತಿಲ್ಲದ ಬಾಯಿ. ಅವನ ಬೆರಳು ತಾನಾಗಿ ಮೇಲೆದ್ದು ಅವನ ತುಟಿಯ ಮೇಲೆ ಕೂತಿತು. ಪರೀಕ್ಷೆಯ ಹಾಲ್‌ನಲ್ಲಿ ನೂರಾರು ಮಕ್ಕಳಿಗೆ ತೋರಿಸಿದ ಸನ್ನೆ. ಕಣ್ಣ ಮುಂದೆ ಎಡಗಡೆಯ ಮಡಿಕೆ, ಅದರಲ್ಲಿ ನೆಟ್ಟ ಸೂಜಿ. ಅದರ ಹಿಂದುಗಡೆಯ ಪಟ್ಟಿ ಬಲಗೈಯದು. ಎರಡಕ್ಕೂ ಒಂದೇ ರಕ್ತನಾಳ. ಅವನೇ ಎಷ್ಟೋ ಸಲ ಬೆರಳಿಂದ ಬಿಡಿಸಿದ್ದ.

"ಕೈಯಲ್ಲ!" ಅಂತ ಕಿರುಚಿದ. "ಕೈಗೇನೂ ಆಗಿಲ್ಲ ಕಣಯ್ಯಾ! ತಲೇಲಿ, ಎಡಗಡೆ ತಲೇಲಿ!"

"ತಲೆಗೆ ಬೇರೆ ಪಾರಿವಾಳ ಬೇಕಾಗುತ್ತೆ," ಅಂದ ವೈದ್ಯ, ಸಮಾಧಾನವಾಗಿ.

ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಅವನು ಆಟೋಗೆ ಓಡಿದ. ಆರೂ ಐದಕ್ಕೆ ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನ ಬಾಗಿಲಲ್ಲಿದ್ದ. ಮೂವತ್ತೊಂದು ವರ್ಷ ಇದೇ ಆವರಣಕ್ಕೆ ಬಂದವನು, ಆದರೆ ಹಿಂದಿನ ಗೇಟಿನಿಂದ. ಮುಂದಿನ ಗೇಟಿನ ಗುಮಾಸ್ತನಿಗೆ ಅವನ ಮುಖ ಗೊತ್ತಿರಲಿಲ್ಲ.

"ಇದೇನು ರಕ್ತ? ಯಾರು ಹೊಡೆದಿದ್ದು?"

"ಯಾರೂ ಹೊಡೆದಿಲ್ಲ ಸಾರ್. ಪಾರಿವಾಳದ್ದು."

"ಏನು?"

"ಪಾರಿವಾಳದ ರಕ್ತ ಸಾರ್. ನನ್ನ ಹೆಂಡ್ತಿ ತಲೆ ಎಡಗಡೆ..."

"ಕುಡಿದು ಹೊಡೆದುಬಿಟ್ಟು ಪಾರಿವಾಳದ ಕತೆ ಹೇಳ್ತೀಯಾ? ಪೊಲೀಸ್ ಔಟ್‌ಪೋಸ್ಟಲ್ಲಿ ಬರೆಸ್ಕೊಂಡು ಬಾ. ಅದಾದ್ಮೇಲೆ ಚೀಟಿ."

ಇಪ್ಪತ್ತೈದು ನಿಮಿಷ. ಪೊಲೀಸಿನವನು ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಗಾಯವಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅವಳ ಹೆಸರನ್ನು ಮೂರು ಸಲ ತಪ್ಪು ಬರೆದು ಮುಗಿಸುವುದಕ್ಕೆ ಇಪ್ಪತ್ತೈದು ನಿಮಿಷ. ಅವಳ ಹೆಸರು ಏನೆಂದು ಅವಳನ್ನೇ ಕೇಳಿದ ಆ ಪುಣ್ಯಾತ್ಮ. ಉತ್ತರ ಬಾರದಿದ್ದಕ್ಕೆ "ಭಯ ಪಡ್ಬೇಡಮ್ಮ, ಗಂಡನ ಹೆಸ್ರು ಹೇಳು, ನಾವಿದ್ದೀವಿ" ಅಂದ.

ಕೊನೆಗೆ ಪರದೆ ಸರಿಸಿ ಬಂದ ಡಾಕ್ಟರು ನಿವೇದಾ ಅಂತ. ಆರು ವರ್ಷದ ಹಿಂದೆ ಪರೀಕ್ಷೆಯ ಹಾಲ್‌ನಲ್ಲಿ ಸೂಜಿಯ ಮುಂದೆ ಕಣ್ಣೀರು ತುಂಬಿಕೊಂಡು ನಿಂತಿದ್ದವಳು.

"ಮುತ್ತಣ್ಣಾ? ನೀವಾ?" ಅಂದವಳೇ ಚೆಲ್ಲತ್ತಾಯಿಯ ಕಡೆ ಬಗ್ಗಿದಳು. "ಅಕ್ಕಾ, ನಗಿ ನೋಡೋಣ. ಎರಡೂ ಕೈ ಎತ್ತಿ. ನಿಮ್ಮ ಊರು ಯಾವ್ದು ಹೇಳಿ." ನಗು ಅರ್ಧ ಬಂತು. ಒಂದೇ ಕೈ ಎದ್ದಿತು. ಊರು ಬರಲಿಲ್ಲ. ಮುಕ್ಕಾಲು ನಿಮಿಷ ಹಿಡಿಯಲಿಲ್ಲ ಅದಕ್ಕೆ. ಡಾಕ್ಟರು ತಟ್ಟನೆ ತಿರುಗಿ ಅವನ ಎರಡೂ ತೋಳು ಹಿಡಿದಳು.

"ಅಣ್ಣಾ, ಯೋಚನೆ ಮಾಡಿ ಹೇಳಿ. ಅಕ್ಕ ಕೊನೇ ಸಲ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ?"

ಅವನು ಬಾಯಿ ತೆರೆದ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎರಡೂ ಹತ್ತಕ್ಕೆ ಬಂದೆ, ಮಾತಿಲ್ಲ. ಸ್ನಾನಕ್ಕೆ ಕೂತೆ, ಮಾತಿಲ್ಲ. ಉಂಡೆ, ಮಾತಿಲ್ಲ. ಆ ಮನೆಯಲ್ಲಿ ಆ ದಿನ ಆ ಹೊತ್ತು ಮಾತಿಲ್ಲದಿರುವುದೇ ಸರಿಯಾಗಿರುವುದು. ಅವಳ ಮಾತು ಸತ್ತದ್ದು ಯಾವಾಗ, ಕಟ್ಟಳೆಗೆ ಅವಳು ಬಾಯಿ ಮುಚ್ಚಿದ್ದು ಎಷ್ಟು ಹೊತ್ತು, ಯಾವ ಗಡಿಯಾರ ಹೇಳೀತು?

"ಗೊತ್ತಿಲ್ಲ," ಅಂದ. "ಬೆಳಿಗ್ಗೆ ಆರಕ್ಕೆ ನಾನು ಹೊರಡೋವಾಗ ಬೈದ್ಲು."

"ಆಮೇಲೆ ಯಾರಾದ್ರೂ ಮಾತಾಡ್ಸಿರ್ತಾರಾ? ಬೇಗ ಅಣ್ಣಾ, ಒಂದೊಂದು ನಿಮಿಷಾನೂ ಬೇಕು."

ಮಗಳು ಇಸಕ್ಕಿ ತಾನು ಕೆಲಸ ಮಾಡುವ ಸೀರೆ ಅಂಗಡಿಯಿಂದ ಅಷ್ಟರಲ್ಲಿ ಓಡಿಬಂದಿದ್ದಳು. ಮೀನಿನ ಫಿಲೋಮಿಗೆ ಫೋನು ಮಾಡಿದ್ದು ಅವಳೇ. ಫಿಲೋಮಿ ಕಡಲ ಕಡೆಯವಳು, ದಿನಾ ಬುಟ್ಟಿ ಹೊತ್ತು ಓಣಿಗೆ ಬರುವವಳು. ಅವಳ ದನಿ ಫೋನಿನಿಂದ ಇಡೀ ವಾರ್ಡಿಗೆ ಕೇಳಿಸಿತು.

"ನಿಮ್ಮಮ್ಮನಾ? ಮಾತಾಡಿದ್ಲಾ ಅಂದ್ರೆ? ಬೂತಾಯಿ ಮೀನು ನಿನ್ನೇದು ಅಂತ ನನ್ನ ಜನ್ಮ ಜಾಲಾಡಿದ್ಲು! ನಾನೂ ಬಿಡ್ಲಿಲ್ಲ. ಒಂದೂಮುಕ್ಕಾಲು, ನನ್ನ ಬಸ್ಸು ತಿರುವಲ್ಲಿ ಹಾರ್ನ್ ಹೊಡೀತಾ ಇತ್ತಲ್ಲ. ಹೋಗೇ ಬಾಯಿಬಡುಕಿ ಅಂದು ಬಂದೆ. ಯಾಕೆ, ಚಾಡಿ ಹೇಳಿದ್ಲಾ?"

ಒಂದೂಮುಕ್ಕಾಲು. ನಿವೇದಾ ಗೋಡೆಯ ಗಡಿಯಾರ ನೋಡಿದಳು. ಆರೂ ಮೂವತ್ತೈದು. ಆರೂಕಾಲಿಗೆ ಗಡುವು ಮುಗಿದಿತ್ತು. ಆದರೂ ಅವಳೇ ಗಾಲಿಮಂಚ ತಳ್ಳಿಕೊಂಡು ಸ್ಕ್ಯಾನಿಗೆ ಓಡಿದಳು. ತೆರೆಯ ಮೇಲೆ ಚಿತ್ರ ಬಂತು. ಎಡಗಡೆ ಅಂಗೈಯಗಲ ಮಬ್ಬು. ಅವಳು ಏನನ್ನೂ ಹೇಳುವ ಮೊದಲೇ ಹಿಂದೆ ನಿಂತಿದ್ದ ಸುಡಲೈಮುತ್ತು ಗಾಜಿಗೆ ಬೆರಳಿಟ್ಟ.

"ಬ್ರೋಕಾ," ಅಂದ. "ಮಾತಿನ ಜಾಗ. ಅದರ ಹಿಂದಿನ ಪಟ್ಟೀನೂ. ಕೈ, ಮುಖ. ಹೋಗಿದೆ ಅಲ್ವಾ ಡಾಕ್ಟ್ರಮ್ಮ?"

ಸ್ಕ್ಯಾನ್ ಯಂತ್ರದ ಹುಡುಗಿ ಬೆಚ್ಚಿ ಅವನ ಕಡೆ ತಿರುಗಿದಳು. ನಿವೇದಾ ತಲೆಯಾಡಿಸಿದಳು. "ಇಷ್ಟು ದೊಡ್ಡದು ಸತ್ತ ಮೇಲೆ ಈ ಹೊತ್ತಿನಲ್ಲಿ ಆ ಇಂಜೆಕ್ಷನ್ ಕೊಟ್ರೆ ತಲೆಯೊಳಗೆ ರಕ್ತ ಸೋರುತ್ತೆ ಅಣ್ಣಾ. ಕೊಡೋ ಹಾಗಿಲ್ಲ. ಮೂರು, ಮೂರೂವರೆಗೆ ಬಂದಿದ್ರೆ..."

"ಯಾವ ಇಂಜೆಕ್ಷನ್?"

ಅವಳು ಹೇಳಿದಳು. ಹೆಪ್ಪು ಕರಗುತ್ತದೆ, ಎಷ್ಟೋ ಜನ ಎದ್ದು ನಡೆಯುತ್ತಾರೆ, ಮಾತಾಡುತ್ತಾರೆ. ಇದೇ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಪುಕ್ಕಟೆಯಾಗಿ ಕೊಡುತ್ತಿದ್ದೇವೆ.

ಸುಡಲೈಮುತ್ತು ನೆಲದ ಮೇಲೆ ಕೂತುಬಿಟ್ಟ. ಅಳಲಿಲ್ಲ. "ಇದೇ ಆಸ್ಪತ್ರೇಲಾ?" ಅಂದ. "ನಾಲ್ಕು ವರ್ಷದಿಂದಾ?" ಅಂದ. ಮತ್ತೆ "ಇದೇ ಆಸ್ಪತ್ರೇಲಾ?" ಅಂದ. ಅವನು ದಾರಕ್ಕೆ ಗಂಟು ಹಾಕುತ್ತಿದ್ದ ಹಾಲ್‌ಗೂ ಆ ಚುಚ್ಚುಮದ್ದು ಇಟ್ಟ ಫ್ರಿಜ್ಜಿಗೂ ನಡುವೆ ಒಂದು ಅಂಗಳ, ಒಂದು ಬೇವಿನ ಮರ. ಅಳೆದರೆ ಅರವತ್ತು ಹೆಜ್ಜೆ.

ನನ್ನ ಸಿಟ್ಟು ಪಾರಿವಾಳದ ವೈದ್ಯನ ಮೇಲೆ ಅಷ್ಟಿಲ್ಲ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಆ ಅಂಗಳದಲ್ಲೇ ಲಕ್ವ ಜಾಗೃತಿ ದಿನ ನಡೆಯುತ್ತದೆ. ಕುರ್ಚಿ ಹಾಕುವುದು ಯಾರು? ಸುಡಲೈಮುತ್ತು. ಬ್ಯಾನರ್ ಕಟ್ಟುವುದು? ಅವನೇ, ಗಂಟಿನ ಕೈ ಅಲ್ಲವೆ. ಭಾಷಣ ಶುರುವಾಗುವ ಹೊತ್ತಿಗೆ "ಮುತ್ತು, ಬೋಂಡಾ ಬಂತಾ ನೋಡು" ಅಂತ ಕಳಿಸುತ್ತಿದ್ದರು. ನಾಲ್ಕು ವರ್ಷವೂ ಬೋಂಡಾ ಬಿಸಿಯಾಗಿತ್ತು. ನಾಲ್ಕು ವರ್ಷವೂ ಡಾಕ್ಟರುಗಳು ಡಾಕ್ಟರುಗಳಿಗೆ ಜಾಗೃತಿ ಮೂಡಿಸಿ, ಫೋಟೋ ತೆಗೆಸಿಕೊಂಡು, ಬೋಂಡಾ ತಿಂದು ಎದ್ದರು.

ಇಪ್ಪತ್ತೆರಡು ದಿನದ ಮೇಲೆ ಅವನು ಕೆಲಸಕ್ಕೆ ಹೋದ. ಹೊಸ ಬ್ಯಾಚು, ಮೆದುಳಿನ ಮೊದಲ ಪಾಠ. ಅಂಬಲವಾಣನ್ ಎಡಗಡೆಯ ಮಡಿಕೆಗೆ ಸೂಜಿ ಚುಚ್ಚಿ, "ಇದು ಹಾಳಾದರೆ ಮನುಷ್ಯನಿಗೆ ಎಲ್ಲ ಅರ್ಥವಾಗುತ್ತದೆ, ಹೇಳಲು ಮಾತ್ರ ಆಗುವುದಿಲ್ಲ" ಅನ್ನುತ್ತಿದ್ದರು. ಸುಡಲೈಮುತ್ತು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟ.

"ಅಯ್ಯಾ, ಒಂದು ಮಾತು."

"ಆಮೇಲೆ ಮುತ್ತು."

"ಆಮೇಲೆ ಅಂದ್ರೆ ನಾಲ್ಕೂವರೆ ಗಂಟೆ ದಾಟಿಬಿಡುತ್ತೆ ಅಯ್ಯಾ."



"ಮೂವತ್ತೊಂದು ವರ್ಷ ಈ ಜಾಗಕ್ಕೆ ನೀವು ಸೂಜಿ ಚುಚ್ಚಿದ್ದೀರಿ. ಸೂಜಿ ಡಬ್ಬಿ ಹಿಡ್ಕೊಂಡು ನಿಂತಿದ್ದು ನಾನು. ಇದು ಮನೇಲಿ, ಅನ್ನ ಬಡಿಸೋ ಹೆಂಗಸಿನ ತಲೆಯೊಳಗೆ ಸಾಯೋವಾಗ ಹೆಂಗೆ ಕಾಣುತ್ತೆ ಅಂತ ಒಂದು ದಿನ ನನ್ನ ಕಡೆ ತಿರುಗಿ ಹೇಳಿದ್ರಾ ಅಯ್ಯಾ? ಎಡಗೈಲಿ ಬಡಿಸ್ತಾಳೆ. ತುಟಿ ಒಂದು ಕಡೆ ನಗುತ್ತೆ. ಅಷ್ಟೇ ಅಯ್ಯಾ. ಅಷ್ಟು ಹೇಳಿದ್ರೆ ನಾನು ಅವಳನ್ನ ಬೈತಿರ್ಲಿಲ್ಲ. ಹೊತ್ಕೊಂಡು ಓಡಿಬರ್ತಿದ್ದೆ."

ಅಂಬಲವಾಣನ್ ಕೆಟ್ಟವರಲ್ಲ. ಆಸ್ಪತ್ರೆಗೆ ಹಣ್ಣು ತಂದು ನೋಡಿ ಹೋಗಿದ್ದವರು. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಮುತ್ತು, ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಇದು ಅನಾಟಮಿ. ನೀನು ಹೇಳ್ತಿರೋದು ಮೆಡಿಸಿನ್ ಡಿಪಾರ್ಟ್‌ಮೆಂಟಿನ ವಿಷಯ."

ಇದನ್ನು ಅವರು ಮೆಲ್ಲಗೆ, ನೊಂದ ದನಿಯಲ್ಲೇ ಹೇಳಿದರು. ಒಂದು ತಲೆಯನ್ನು ಹತ್ತು ಡಿಪಾರ್ಟ್‌ಮೆಂಟಿಗೆ ಹಂಚಿಕೊಂಡವರಿಗೆ ಆ ತಲೆ ಯಾರ ಮನೆಯದು ಅನ್ನುವುದು ಯಾವ ಡಿಪಾರ್ಟ್‌ಮೆಂಟಿನ ವಿಷಯವೂ ಆಗಲಿಲ್ಲ. ಪಾಠಕ್ಕೆ ಅಡ್ಡಿ ಮಾಡಿದ್ದಕ್ಕೆ ಮರುವಾರ ಅವನಿಗೊಂದು ನೋಟೀಸು ಬಂತು. ಅದೂ ಇಂಗ್ಲಿಷಿನಲ್ಲಿ.

ಚೆಲ್ಲತ್ತಾಯಿ ಈಗ ಕಾಲೆಳೆದುಕೊಂಡು ನಡೆಯುತ್ತಾಳೆ. ಬಲಗೈ ಮಡಿಲಲ್ಲಿರುತ್ತದೆ. ಮಾತಿನಲ್ಲಿ ಒಂದೇ ಒಂದು ಉಳಿದಿದೆ: "ಆಯ್ತು." ಹಸಿವಾದರೂ ಆಯ್ತು, ಬೇಡವಾದರೂ ಆಯ್ತು, ಕೋಪ ಬಂದರೂ ಆಯ್ತು. ಮೊನ್ನೆ ಫಿಲೋಮಿ ಬೇಕೆಂದೇ ಹಳೆಯ ಬೂತಾಯಿ ತಂದು ಮೂಗಿನ ಹತ್ತಿರ ಹಿಡಿದಳು. "ನೋಡೇ, ನಾರುತ್ತೆ. ಬೈಯೇ. ನನ್ನ ಅಪ್ಪನಿಂದ ಶುರು ಮಾಡು, ಬೈಯೇ ಬಾಯಿಬಡುಕಿ." ಚೆಲ್ಲತ್ತಾಯಿಯ ಕಣ್ಣು ಕೆಂಡವಾಯಿತು, ಎಡಗೈ ಎದ್ದಿತು, ಕತ್ತಿನ ನರ ಉಬ್ಬಿತು. "ಆಯ್ತು!" ಅಂದಳು. "ಆಯ್ತು! ಆಯ್ತು! ಆಯ್ತು!" ಫಿಲೋಮಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಸೆರಗು ಬಾಯಿಗೆ ತುರುಕಿಕೊಂಡು ಹೋದಳು.

ತಲೆ ತೆರೆದ ದಿನ ಸುಡಲೈಮುತ್ತು ಈಗ ಓಣಿಯ ತಿರುವಿನಿಂದಲೇ ಕೂಗುತ್ತ ಬರುತ್ತಾನೆ. "ಏನೇ, ಇದ್ದೀಯಾ? ಕೇಳಿಸ್ತಾ?" ಉಲಗಮ್ಮಾ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಕಾಲೇಜಿನ ಗುಡಿಸುವವರು, ಲಿಫ್ಟಿನವನು, ಕ್ಯಾಂಟೀನಿನ ಹೆಂಗಸರು, ಮುಂದಿನ ಗೇಟಿನ ಆ ಗುಮಾಸ್ತ, ಎಲ್ಲರನ್ನೂ ನಿಲ್ಲಿಸಿ ಅವನು ನಗಲು ಹೇಳುತ್ತಾನೆ, ಎರಡೂ ಕೈ ಎತ್ತಿಸುತ್ತಾನೆ, ಊರ ಹೆಸರು ಕೇಳುತ್ತಾನೆ. ಹೆಂಡತಿಗೆ ಹೀಗಾದ ಮೇಲೆ ಮುತ್ತುವಿಗೆ ಬುದ್ಧಿ ಸ್ಥಿಮಿತ ತಪ್ಪಿದೆ ಅಂತ ಆಫೀಸಿನಲ್ಲಿ ಮಾತು.

ನೀವು ಅಯ್ಯೋ ಪಾಪ ಅನ್ನಬೇಡಿ. ಆ ಎರಡು ಪದದಿಂದ ಚೆಲ್ಲತ್ತಾಯಿಗೆ ಒಂದು ಬೈಗುಳವೂ ವಾಪಸು ಬರುವುದಿಲ್ಲ. ನಿಮ್ಮ ಊರಿಗೆ ಹತ್ತಿರದಲ್ಲಿ ತಲೆಯ ಸ್ಕ್ಯಾನ್ ಮಾಡಿ ಆ ಚುಚ್ಚುಮದ್ದು ಕೊಡುವ ಆಸ್ಪತ್ರೆ ಯಾವುದು? ಅಲ್ಲಿಗೆ ಎಷ್ಟು ನಿಮಿಷ? ಗೊತ್ತಿಲ್ಲ ತಾನೆ? ಇದನ್ನು ಮಡಿಚಿಟ್ಟು ಈಗಲೇ ಫೋನು ಮಾಡಿ ಕೇಳಿ. ಕೇಳಿ ತಿಳಿದದ್ದನ್ನು, ನಾಳೆ ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ, ನಿಮ್ಮ ಆಫೀಸಿನ ಕಸ ಗುಡಿಸುವವನಿಗೆ, ಅವರ ಭಾಷೆಯಲ್ಲಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿ.